ಪುರುಷೋತ್ತಮನ ಬೆನ್ನು ಹತ್ತಿ

ಕಲ್ಮಲದಲ್ಲಿ ದೇವದುರ್ಗ, ಮಾನ್ವಿ ಬಸ್ಸಿಗೆ ಕಾಯುವವರ ಕೈಯಲ್ಲೀಗ ಮೊಬೈಲು. ಒಂದು ಕಾಲಕ್ಕೆ ಕನ್ನಡಿಗರ ಕಂಕುಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇರುತ್ತಿದ್ದ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನರಸಿಂಹಯ್ಯ ನೂರಾರು ಕಾದಂಬರಿ ಬರೆದರು. ಅಕ್ಷರ ಕೂಡಿಸಿ ಓದುವವರಿಗೂ ಎಟುಕುವ ಸಣ್ಣ ಸಣ್ಣ ವಾಕ್ಯ. ಪುಟ ತಿರುವದೆ ಬಿಡಗೊಡದ ಕುತೂಹಲ. ಎಷ್ಟೋ ಮನೆಗಳಿಗೆ ಓದಿನ ರುಚಿ ಹತ್ತಿಸಿದ ಈ ಲೇಖಕರಿಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ. ಅದು ಅನ್ಯಾಯವೇ.

ಆಮೇಲೆ ಇದೇ ಪತ್ತೇದಾರಿ ಹಾದಿಯಲ್ಲಿ ಕಾದಂಬರಿಕಾರ ಟಿ.ಕೆ. ರಾಮರಾವ್ ಬಂದರು.

ಅದೇ ಪತ್ತೇದಾರಿ ಕುತೂಹಲ ಗಂಭೀರ ಸಾಹಿತ್ಯಕ್ಕೂ ದಾಟಿತು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಕಾದಂಬರಿಯಲ್ಲಿ ಏಲಕ್ಕಿ ಸಂಶೋಧಕ ಜೋಗಿಹಾಳರ ಸಾವಿನ ಜಾಡು ಹಿಡಿದ ಓದುಗ, ಕೆಸರೂರಿನ ಜಾತಿ ಜಗಳ, ಕಾಡಿನ ನಾಶದ ನಡುವೆ ಬಂದು ನಿಲ್ಲುತ್ತಾನೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿಯಿದು. ಈ ವರ್ಷದ ಓದಿನ ಪಟ್ಟಿ ಹಾಕುವವರು ಪುರುಷೋತ್ತಮನಿಂದ ಹೊರಟು ಕೆಸರೂರಿನವರೆಗೂ ಬರಲಿ.