ಹೆಗಲ ಮೇಲಿನ ಮನೆ, ಸುಂಕದ ಕಟ್ಟೆ

(ತೋಟದ ಕೆಲಸಗಾರರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಇಸ್ರಾಯೇಲ್ಯರು ಐಗುಪ್ತದಿಂದ ಹೊರಟ ರಾತ್ರಿ, ಹಿಟ್ಟು ನಾದುವ ಪಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತರೆಂದು ವಿಮೋಚನಕಾಂಡದಲ್ಲಿ ಓದುತ್ತೇವೆ. ದೇಶ ಬಿಡುವ ಬಡವನ ಆಸ್ತಿ ಅಷ್ಟೇ. ಪಾತ್ರೆ, ಹಾಸಿಗೆ, ಒಂದು ಟ್ರಂಕು.

ನಮ್ಮ ನೀಲಗಿರಿಗೆ ಇದು ದೂರದ ಕಥೆಯಲ್ಲ. ಗೂಡಲೂರು, ಕೋಟಗಿರಿ ಕಡೆಯ ಸರಕಾರಿ ಚಹಾ ತೋಟಗಳಲ್ಲಿ ಸಿಂಹಳದಿಂದ ಬಂದ ತಮಿಳು ಕುಟುಂಬಗಳು ನಮ್ಮ ನೆರೆಯವರೇ. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ 5,25,000 ಜನರು ಭಾರತಕ್ಕೆ ಬರಬೇಕೆಂದಾಯಿತು. ಕೂಲಿಯವರನ್ನು ಯಾರೂ ಕೇಳಿರಲಿಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿ ಸಹಿತ ತಮ್ಮ ಆಸ್ತಿಯನ್ನು ತರಬಹುದು, ಆದರೆ ಹಣ ಸಾಗಿಸುವ ಕಾನೂನಿಗೆ ಒಳಪಟ್ಟು ಎಂದು ಬರೆದರು. ಒಂದು ಕುಟುಂಬಕ್ಕೆ ಹಾಕುವ ಮಿತಿಯನ್ನು 4,000 ರೂಪಾಯಿಗಿಂತ ಕೆಳಗೆ ಇಳಿಸಬಾರದೆಂದೂ ಸೇರಿಸಿದರು. ಮೂರು ತಲೆಮಾರು ಎಲೆ ಕಿತ್ತವರಿಗೆ ಕಾಗದದ ಮೇಲೆ ಸಿಕ್ಕ ಭರವಸೆ ಅಷ್ಟು! ಅವರು ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದರು.

ಈಗ ನಮ್ಮ ಮಕ್ಕಳು ಕೊಲ್ಲಿ ದೇಶಗಳಿಗೆ ಹೋಗಿ ಬರುತ್ತಾರೆ. ಹಣ ಸಾಗಿಸುವ ನಿಯಮ ಬೇರೆ, ಸಾಮಾನಿನ ಸುಂಕ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಹಲವರು ವೃಥಾ ಹೆದರುತ್ತಾರೆ. 1962ರ ಕಸ್ಟಮ್ಸ್ ಕಾನೂನು ಪ್ರಯಾಣಿಕನ ಗಂಟುಮೂಟೆಯನ್ನು ವ್ಯಾಪಾರದ ಸರಕಿನಂತೆ ನೋಡುವುದಿಲ್ಲ. ನಿಯಮದಲ್ಲಿ ಹೇಳಿದಷ್ಟು ಕಾಲ ಬಳಸಿದ ವಸ್ತುಗಳನ್ನೂ, ಮನೆಯವರ ಉಪಯೋಗಕ್ಕೆ ಮಿತಿಯೊಳಗೆ ತಂದದ್ದನ್ನೂ ಸುಂಕವಿಲ್ಲದೆ ಬಿಡಲು 79ನೇ ಕಲಮು ಅಧಿಕಾರ ಕೊಡುತ್ತದೆ. ಆದರೆ 77ನೇ ಕಲಮಿನಂತೆ ಏನು ತಂದಿದ್ದೇವೆಂದು ನಾವೇ ಹೇಳಬೇಕು. ನಿಜ ಹೇಳಿದವನ ವಸ್ತುವಿಗೆ ಸುಂಕ ಬಿದ್ದು ಅವನಿಗೆ ಕಟ್ಟಲಾಗದಿದ್ದರೆ, ಮರಳಿ ಹೋಗುವಾಗ ಒಯ್ಯುವಂತೆ ಅಲ್ಲೇ ಇಡಿಸಿಕೊಳ್ಳಲು ಕೇಳಬಹುದು. ಇದು 80ನೇ ಕಲಮು. ಮುಚ್ಚಿಟ್ಟವನ ವಸ್ತು ಮುಟ್ಟುಗೋಲಾದೀತು.

ಹಿಂದೆ ಬಂದವರ ಮಾತೊಂದನ್ನೇ ನಂಬಬೇಡಿ. ಕೊಲ್ಲಿಯಿಂದ ಚಪ್ಪಟೆ ಟಿ.ವಿ. ಹೊತ್ತು ತರುವುದು ಒಂದು ಕಾಲದ ವಾಡಿಕೆ. 2013ರ ಆಗಸ್ಟ್ 26ರಿಂದ ಅದನ್ನು ಉಚಿತ ಮಿತಿಯಿಂದ ಹೊರಗಿಟ್ಟರು. ಗೊತ್ತಿಲ್ಲದೆ ತಂದವರು ವಿಮಾನ ನಿಲ್ದಾಣದಲ್ಲಿ ನಿಂತು ಊರಿಗೆ ಫೋನು ಮಾಡಬೇಕಾಯಿತು. ಮಿತಿಗಳು ಬದಲಾಗುತ್ತಲೇ ಇರುತ್ತವೆ. ಹೊರಡುವ ಮುಂಚೆ ಆ ವರ್ಷದ ನಿಯಮ ಕೇಳಿಕೊಳ್ಳಬೇಕು.

ಗೆಳೆಯನು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ತರಬಾರದು. ದಾಕ್ಷಿಣ್ಯಕ್ಕೆ ಜೈಲು ಸೇರಿದವರಿದ್ದಾರೆ.

ಸ್ನಾನಿಕನಾದ ಯೋಹಾನನು ಸುಂಕದವರಿಗೆ ಕೆಲಸ ಬಿಡಿರೆನ್ನಲಿಲ್ಲ, ನೇಮಕವಾದದ್ದಕ್ಕಿಂತ ಹೆಚ್ಚು ತೆಗೆಯಬೇಡಿರೆಂದನು. ಆದ್ದರಿಂದ ಕಟ್ಟಬೇಕಾದ್ದನ್ನು ಕಟ್ಟಿ ರಸೀದಿ ಕೇಳಿರಿ; ರಸೀದಿ ಇಲ್ಲದ ಕೈಗೆ ಒಂದು ರೂಪಾಯಿಯೂ ಬೇಡ.

ಈ ವರ್ಷ ಮಗನೋ ಮಗಳೋ ಮರಳುವ ಮನೆಯವರು ಇಂದೇ ಫೋನಿನಲ್ಲಿ ಹೇಳಿರಿ: ಹಳೆಯದು ಯಾವುದು, ಹೊಸದು ಯಾವುದು, ಕೊಂಡ ಬೆಲೆ ಎಷ್ಟು ಎಂದು ಪಟ್ಟಿ ಬರೆದು, ಅಂಗಡಿ ಚೀಟಿಗಳನ್ನು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿ ಇಡಲಿ. ಪೆಟ್ಟಿಗೆಯ ತಳದಲ್ಲಿ ಬೇಡ.