ಬಹುಮಾನವಿಲ್ಲದ ಉಮೇದು

ಮಗುವಿಗೆ ಕಲಿಯುವ ಉಮೇದು ಎರಡು ಕಡೆಯಿಂದ ಬರುತ್ತದೆ: ಅಂಕ, ಬಹುಮಾನ, ಬೈಗುಳಗಳಂಥ ಹೊರಗಿನ ಒತ್ತಡದಿಂದ, ಇಲ್ಲವೇ ಮಾಡುವ ಕೆಲಸದಲ್ಲೇ ಸಿಗುವ ಸುಖದಿಂದ. ಎರಡನೆಯದನ್ನು ಶಿಕ್ಷಣಶಾಸ್ತ್ರ ಆಂತರಿಕ ಪ್ರೇರಣೆ ಎನ್ನುತ್ತದೆ. ಸೃಜನಶೀಲತೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಇದನ್ನೇ.

ಬಹುಮಾನ ಕೊಟ್ಟಷ್ಟೂ ಉಮೇದು ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಅಮೆರಿಕದ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಲಾಯಿತು. ಕೆಲವರಿಗೆ ಹೇಳದೆ ಕೊಡಲಾಯಿತು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ, ಮೊದಲ ಗುಂಪಿನವರು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಕೆಡಿಸಿದ್ದು ಬಹುಮಾನವಲ್ಲ, ಅದರ ಹಿಂದಿನ ಕರಾರು.

ಕರಾರಿಲ್ಲದೆ ಕೊಟ್ಟು ತೆಗೆದುಕೊಂಡು ಬೆಳೆದ ಕಲಿಕೆಗೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ: ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕಾ ಕ್ರಮ. ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯಲ್ಲಿ, ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮವೊಂದು ರೂಪುಗೊಂಡಿತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಅದನ್ನು ಹೋಗಿ ನೋಡಿದರು. ಋಷಿವ್ಯಾಲಿ ತನ್ನ ಕ್ರಮವನ್ನು ಮುಚ್ಚಿಡಲಿಲ್ಲ; ಶಿಕ್ಷಕರೂ ಅದನ್ನು ನಕಲು ಮಾಡಲಿಲ್ಲ. ಯುನಿಸೆಫ್ ನೆರವಿನಿಂದ 1995ರಲ್ಲಿ ತಮ್ಮ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಗೆ ಬೇಕಾದ ಕಾರ್ಡು, ಹಾಡು, ಆಟಗಳನ್ನು ತಾವೇ ಕೂತು ಕಟ್ಟಿದರು, ಒಬ್ಬರದನ್ನು ಇನ್ನೊಬ್ಬರು ತಿದ್ದಿದರು. ತರಗತಿಯೊಳಗೂ ಅದೇ ನಡೆ. ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಈ ಗುಂಪಿಗೆ ನಲಿ-ಕಲಿಯಲ್ಲಿ ತಟ್ಟೆ ಎಂದು ಹೆಸರು. ಒಂದು ತಟ್ಟೆಯಲ್ಲಿ ಶಿಕ್ಷಕರ ನೆರವಿದ್ದರೆ ಇನ್ನೊಂದರಲ್ಲಿ ಸಹಪಾಠಿಯದೇ ನೆರವು. ತಾನು ಕಲಿತದ್ದನ್ನು ಪಕ್ಕದವಳಿಗೆ ಹೇಳಿಕೊಡುವ ಮಗುವಿಗೆ ಅಂಕವಿಲ್ಲ. ಆದರೂ ಹೇಳಿಕೊಡುತ್ತದೆ, ಹೇಳಿಕೊಡುತ್ತ ತಾನೂ ಗಟ್ಟಿಯಾಗುತ್ತದೆ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿಗೆಲ್ಲ ಕಾರ್ಡುಗಳು ಅಚ್ಚಾಗಿ ಬಂದವು. ಅಷ್ಟು ಶಾಲೆಗಳಿಗೆ ಬೇರೆ ದಾರಿ ಇರಲಿಲ್ಲವೆನ್ನಬಹುದು, ಆದರೆ ಕಾರ್ಡು ಬರೆದವರ ಉಮೇದು ಕಾರ್ಡು ಪಡೆದವರಿಗೆ ಲಾರಿಯಲ್ಲಿ ಬರುವುದಿಲ್ಲ. ಹಂಚಿಕೆ ಮತ್ತು ಸರಬರಾಜು ಬೇರೆ ಬೇರೆ. ತಾನು ಮಾಡಿದ್ದನ್ನು ಇನ್ನೊಬ್ಬರು ತಿದ್ದಲು ಬಿಟ್ಟುಕೊಡುವುದೇ ಹಂಚಿಕೆ. ರಾಜ್ಯದ ಪ್ರೌಢಶಾಲಾ ಶಿಕ್ಷಕರು ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯ ತಿರುಳೂ ಇಷ್ಟೇ: ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮತ್ತೆ ಹಂಚಬಹುದು.

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಸೀಮೆಯಲ್ಲಿ ಹೀಗೆ ಹಂಚಿಕೊಂಡು ಕಲಿಯಲು ಸಾಮಗ್ರಿಯ ಕೊರತೆಯಿಲ್ಲ. ತೆಂಗಿನ ಗರಿಯಲ್ಲಿ ಪೀಪಿ, ವಾಚು, ಗಿರಗಿಟ್ಟೆ ಮಾಡುವುದನ್ನು ಮಕ್ಕಳು ಕಲಿಯುವುದು ದೊಡ್ಡ ಮಕ್ಕಳಿಂದ. ಅದಕ್ಕೆ ಪರೀಕ್ಷೆಯೂ ಇಲ್ಲ, ಪಾರಿತೋಷಕವೂ ಇಲ್ಲ. ಗೊನೆಯ ಕಾಯಿ ಎಣಿಸುವುದು, ನುಸಿ ಹತ್ತಿದ ಕಾಯಿಯನ್ನು ಬೇರೆ ಮಾಡುವುದು, ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯೊಳಗೆ ನೀರು ಇಂಗಿ ಕೊಬ್ಬರಿ ಗುಡುಗುಡಿಸುವುದು, ತಿಪಟೂರು ಮಾರುಕಟ್ಟೆಯ ಕ್ವಿಂಟಾಲ್ ದರ, ಇವೆಲ್ಲ ಗಣಿತ ಮತ್ತು ವಿಜ್ಞಾನದ ಕಾರ್ಡುಗಳಾಗಬಲ್ಲವು. ಇಂಥ ಕಾರ್ಡನ್ನು ಬೆಂಗಳೂರಿನಲ್ಲಿ ಕೂತು ಯಾರೂ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಹೋಬಳಿಯ ಶಿಕ್ಷಕರು ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಗೆ ಬರುವಾಗ ವರದಿಯ ಜೊತೆಗೆ ತಾವೂ ತಮ್ಮ ಮಕ್ಕಳೂ ಸೇರಿ ಮಾಡಿದ ಒಂದು ಕಾರ್ಡನ್ನು ತರಲಿ. ಹೋಗುವಾಗ ಅದನ್ನು ಅಲ್ಲೇ ಬಿಟ್ಟು, ಬೇರೆ ಶಾಲೆಯದೊಂದನ್ನು ತಿದ್ದಲು ಒಯ್ಯಲಿ.