ಹುಲ್ಲು ಮೇದ ಕುರಿ ಮಟನ್: ನಮ್ಮ ಮೈಗೆ ನಿಜವಾಗಿ ದಕ್ಕೋದು ಎಷ್ಟು?

ಇವತ್ತಿನ ಮಾತು ಮಟನ್ ಬಗ್ಗೆ. ಅದರಾಗೂ ಕುರಿ ಮಟನ್. ಖಂಡ ತಿನ್ನಲಾರದವರು ಈಗಲೇ ಆಫ್ ಮಾಡಬ್ಯಾಡ್ರಿ, ಯಾಕಂದ್ರ ಮಾತು ಹೋಗ್ತಾ ಹೋಗ್ತಾ ಜೋಳದ ರೊಟ್ಟಿ, ಅಗಸಿ ಹಿಂಡಿ ತನಕ ಬರ್ತದ.

ದೊಡ್ಡ ಊರುಗಳ ಆನ್‌ಲೈನ್ ಮಾಂಸದ ಅಂಗಡಿ ತೆರೆದು ನೋಡ್ರಿ. 'ಆರ್ಗ್ಯಾನಿಕ್', 'ಗ್ರಾಸ್ ಫೆಡ್', 'ಗ್ರಾಸ್ ಫಿನಿಶ್ಡ್ ಲ್ಯಾಂಬ್' ಅಂತ ಹಸಿರು ಬಣ್ಣದ ಲೇಬಲ್ ಇರ್ತಾವ, ರೇಟು ಕಣ್ಣಿಗೆ ಹೊಡಿತದ. ಈ ಕಡೆ ದೇವದುರ್ಗದ ಗುಡ್ಡದಾಗ ಒಬ್ಬ ಕುರಿಗಾಹಿ ಹೆಗಲ ಮೇಲೆ ಕಂಬಳಿ ಹಾಕ್ಕೊಂಡು ದಿನಾ ಅದನ್ನೇ ಮಾಡ್ತಿದ್ದಾನ. ಅವನಿಗೆ ಯಾವ ಲೇಬಲ್ಲೂ ಇಲ್ಲ. ಹಾಗಾದ್ರ ಪ್ರಶ್ನೆ ಎರಡು. ಹುಲ್ಲು ಮೇದ ಕುರಿಯ ಖಂಡದಲ್ಲಿ ನಿಜವಾಗಿ ಬೇರೆ ಸತ್ವ ಇರ್ತದಾ? ನಮ್ಮ ರಾಯಚೂರಿನ ಕುರಿ ಆ ಲೆಕ್ಕಕ್ಕೆ ಬರ್ತದಾ?

ಮೊದಲು 'ಫಿನಿಶ್ಡ್' ಅನ್ನೋ ಪದ. ಹೊರದೇಶಗಳಲ್ಲಿ ಬಹಳಷ್ಟು ಮರಿಗಳು ಮೊದಲು ಹುಲ್ಲು ಮೇಯ್ತಾವ, ಆಮೇಲೆ ಕೊನೆಯ ಕೆಲವು ವಾರ ಅಥವಾ ತಿಂಗಳು ಅವನ್ನ ಕಾಳು ಹಾಕಿ ಕೊಬ್ಬಿಸ್ತಾರ. ಕೊನೆ ತನಕ ಹುಲ್ಲು ಮೇಲೇ ಬೆಳೆದಿದ್ರ ಅದು 'ಗ್ರಾಸ್ ಫಿನಿಶ್ಡ್'. ಈ ಕೊನೆಯ ಹಂತಕ್ಕೆ ಯಾಕಿಷ್ಟು ಮಹತ್ವ ಅಂದ್ರ, ಕುರಿಯ ಕೊಬ್ಬಿನ ಗುಣ ಅದು ಕೊನೆಗೆ ಏನು ತಿಂತು ಅನ್ನೋದರ ಮೇಲೆ ಕೆಲವೇ ವಾರಗಳಲ್ಲಿ ಬದಲಾಗ್ತದ. ಒಂದು ವರ್ಷ ಹುಲ್ಲು ಮೇದು ಕೊನೆಗೆ ಮೆಕ್ಕೆಜೋಳ, ಶೇಂಗಾ ಹಿಂಡಿ ತಿಂದ ಟಗರು ಸೊಗಸಾಗಿ ದಪ್ಪ ಆಗ್ತದ, ಆದ್ರ ಹುಲ್ಲಿನಿಂದ ಬಂದಿದ್ದ ವಿಶೇಷ ಬಹಳಷ್ಟು ಕರಗಿ ಹೋಗಿರ್ತದ.

ಇನ್ನು ನಮ್ಮ ಕುರಿ. ರಾಯಚೂರು, ಕೊಪ್ಪಳ ಭಾಗದ್ದೇ ಆದ ತಳಿ ಕೆಂಗುರಿ. ಹೆಸರೇ ಹೇಳೋ ಹಾಗೆ ಕೆಂಪು–ಕಂದು ಮೈ. ಉಣ್ಣೆಗಿಂತ ಖಂಡಕ್ಕೇ ಹೆಸರಾದ ತಳಿ ಇದು. ಜೊತೆಗೆ ಕರೇ ಉಣ್ಣೆಯ ದಖನಿ ಕುರಿಯೂ ನಮ್ಮ ಕಡೆ ಅದ. ಎರಡೂ ಬಿಸಿಲು ತಡಿಯೋ, ನಡೆಯೋ ಕುರಿ. ಮುಂಗಾರು ಬಿದ್ದ ಮೇಲೆ ಗುಡ್ಡ, ಬೀಳು, ಹೊಲದ ಬದುವಿನಲ್ಲಿ ಹಸಿರು ಹುಲ್ಲು ಸಿಗ್ತದ. ಅಕ್ಟೋಬರ್, ನವೆಂಬರ್ ದಾಟಿದ್ರ ಆಟ ಬದಲು. ಆಗ ಸುಗ್ಗಿ ಮುಗಿದ ಹೊಲದ ಕೂಳೆ, ಜಾಲಿ ಕಾಯಿ, ತೊಗರಿ ಹೊಟ್ಟು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಹರಿಯೋ ಮಾನ್ವಿ ಕಡೆ ನೆಲ್ಲು ಕೊಯ್ದ ಮೇಲೆ ಕುರಿ ಹಟ್ಟಿಗಳು ಬಂದು ಇಳಿತಾವ. ರೈತ ಹೊಲದಾಗ ಕುರಿ ನಿಲ್ಲಿಸಿ ಗೊಬ್ಬರ ಪಡಿತಾನ, ಕುರಿಗಾಹಿಗೆ ಮೇವು, ಒಂದಿಷ್ಟು ಕಾಳೋ ರೊಕ್ಕನೋ ಸಿಗ್ತದ.

ಅಂದ್ರ ನಮ್ಮ ಕಡೆ 'ಗ್ರಾಸ್ ಫಿನಿಶ್ಡ್' ಅನ್ನೋದು ಲೇಬಲ್ ಮೇಲೆ ಇಲ್ಲ, ಕ್ಯಾಲೆಂಡರ್ ಮೇಲೆ ಅದ. ದಸರಾ, ದೀಪಾವಳಿ ಹೊತ್ತಿಗೆ ಕೊಯ್ಯೋ ಮೇಯುವ ಕುರಿ ಮೂರು–ನಾಲ್ಕು ತಿಂಗಳು ಹಸಿರು ತಿಂದಿರ್ತದ. ಏಪ್ರಿಲ್ ಬಿಸಿಲಿನ ಕುರಿಯೂ ಮೇದದ್ದೇ, ಆದ್ರ ಅದು ಒಣ ಮೇವು. ಎಲೆ ಒಣಗಿ ಉದುರಿದಾಗ ಅದರೊಳಗಿನ ಒಳ್ಳೆ ಕೊಬ್ಬಿನಂಶ, ವಿಟಮಿನ್ ಎರಡೂ ಕಮ್ಮಿ ಆಗ್ತಾವ.

ಈಗ ಪೋಷಕಾಂಶದ ಲೆಕ್ಕ. ಇಲ್ಲಿ ಎರಡು ಖಾತೆ ಮಾಡಿಕೊಳ್ಳೋಣ. ಮೊದಲನೇ ಖಾತೆ, ಕುರಿ ಏನೇ ತಿಂದಿದ್ರೂ ಸಿಗೋದು. 100 ಗ್ರಾಂ ಹಸಿ, ಕೊಬ್ಬು ಕಮ್ಮಿ ಇರೋ ಮಟನ್‌ನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, ಹತ್ತಿರ ಹತ್ತಿರ 2 ಮಿಲಿಗ್ರಾಂ ಕಬ್ಬಿಣ, ಒಳ್ಳೆ ಪ್ರಮಾಣದ ಸತು, ಮತ್ತೆ ವಿಟಮಿನ್ ಬಿ12. ಈ ಬಿ12 ಕಾಳು, ಕಾಯಿಪಲ್ಯದಲ್ಲಿ ಸಿಗೋದೇ ಇಲ್ಲ ಅನ್ನಬಹುದು. ಹಾಲು, ಮೊಟ್ಟೆ, ಮೀನು, ಖಂಡ, ಇಷ್ಟರಲ್ಲೇ ಹುಡುಕಬೇಕು.

ಕಬ್ಬಿಣದ ಬಗ್ಗೆ ಒಂದು ಮಾತು. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ವಯಸ್ಕ ಹೆಣ್ಣುಮಗಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. ಮಟನ್‌ನಲ್ಲಿ ಇರೋದು 2. ಇದೇನು ಬಿಡ್ರಿ ಅನ್ನಿಸ್ತದ. ಆದ್ರ ಬಿಕಾಂ ಓದಿದವರಿಗೆ ಗೊತ್ತು, ಟರ್ನೋವರ್ ಬೇರೆ, ಲಾಭ ಬೇರೆ. ತಟ್ಟೆಯಲ್ಲಿರೋದು ಟರ್ನೋವರ್, ರಕ್ತಕ್ಕೆ ಸೇರೋದು ಲಾಭ. ಕಾಳು–ಸೊಪ್ಪಿನ ಕಬ್ಬಿಣ ಮೈಗೆ ಹತ್ತೋದು ಬಹಳ ಸಲ ನೂರಕ್ಕೆ ಹತ್ತಕ್ಕಿಂತ ಕಮ್ಮಿ. ಆ 29ರ ಲೆಕ್ಕ ದೊಡ್ಡದಾಗಿರೋದೂ ಅದಕ್ಕೇ. ಖಂಡದಲ್ಲಿರೋ ಕಬ್ಬಿಣದ ದೊಡ್ಡ ಪಾಲು 'ಹೀಮ್' ರೂಪದ್ದು. ಅದು ನೂರಕ್ಕೆ 15ರಿಂದ 35ರ ತನಕ ಹತ್ತುತ್ತದ.

ಇದಕ್ಕಿಂತ ಚಂದದ ವಿಷಯ ಇನ್ನೊಂದದ. ಖಂಡ ತನ್ನ ಜೊತೆಗೆ ಕೂತ ಊಟದ ಕಬ್ಬಿಣವನ್ನೂ ಮೈಗೆ ಹತ್ತಿಸ್ತದ. ಜೋಳದಲ್ಲಿ ಕಬ್ಬಿಣ ಇದ್ರೂ ಫೈಟೇಟ್ ಅನ್ನೋ ಅಂಶ ಅದನ್ನ ಹಿಡಿದಿಟ್ಟುಕೊಂಡಿರ್ತದ. ಜೋಳದ ರೊಟ್ಟಿ ಜೊತೆ ನಾಲ್ಕು ತುಂಡು ಮಟನ್, ಮೇಲೆ ನಿಂಬೆಹಣ್ಣು ಹಿಂಡಿದ್ರ ಆ ಹಿಡಿತ ಸಡಿಲ ಆಗ್ತದ. ಹಾಗಾಗಿ ಕಿಲೋಗಟ್ಟಲೆ ತಿನ್ನೋದು ಬೇಕಿಲ್ಲ, ಸ್ವಲ್ಪ ಇದ್ರೂ ಕೆಲಸ ಆಗ್ತದ. ಉಂಡ ಕೂಡಲೇ ಚಾ ಕುಡಿಬ್ಯಾಡ್ರಿ ಅಷ್ಟೇ. ಚಾದಲ್ಲಿರೋ ಟ್ಯಾನಿನ್ ಕಬ್ಬಿಣಕ್ಕೆ ಅಡ್ಡಗಾಲು ಹಾಕ್ತದ. ಒಂದು ತಾಸು ತಡ ಮಾಡ್ರಿ.

ಎರಡನೇ ಖಾತೆ, ಹುಲ್ಲಿನಿಂದಲೇ ಬರೋದು. ಹಸಿರು ಎಲೆಯಲ್ಲಿ ಒಮೆಗಾ–3 ಗುಂಪಿನ ಕೊಬ್ಬಿನಾಮ್ಲ ಜಾಸ್ತಿ, ಮೆಕ್ಕೆಜೋಳದಂಥ ಕಾಳಿನಲ್ಲಿ ಒಮೆಗಾ–6 ಜಾಸ್ತಿ. ಕುರಿಯ ಮೊದಲ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಇದನ್ನ ಬಹಳಷ್ಟು ಬದಲಾಯಿಸಿಬಿಡ್ತಾವ, ಆದ್ರೂ ತಪ್ಪಿಸಿಕೊಂಡ ಪಾಲು ಖಂಡಕ್ಕೆ ಸೇರ್ತದ. ಅದಕ್ಕೇ ಹುಲ್ಲು ಮೇದ ಕುರಿಯಲ್ಲಿ ಒಮೆಗಾ–3 ಹೆಚ್ಚು, ವಿಟಮಿನ್ ಇ ಹೆಚ್ಚು, ಸಿಎಲ್ಎ ಅನ್ನೋ ಕೊಬ್ಬಿನಾಮ್ಲವೂ ಸಾಮಾನ್ಯವಾಗಿ ಹೆಚ್ಚು. ನಡೆದಾಡೋ ಕುರಿ ಆಗಿದ್ರಿಂದ ಒಟ್ಟು ಕೊಬ್ಬೂ ಕಮ್ಮಿ ಇರ್ತದ. ಮೇದ ಕುರಿಗೆ ಒಂದು ಗಟ್ಟಿ ವಾಸನೆ ಇರ್ತದಲ್ಲ, ಅದರಾಗೂ ಮೇವಿನ ಪಾಲು ಅದ.

ಇಷ್ಟು ಕೇಳಿ ಕುಣಿಬ್ಯಾಡ್ರಿ, ಪ್ರಮಾಣ ನೋಡೋಣ. 100 ಗ್ರಾಂ ಹುಲ್ಲು ಮೇದ ಖಂಡದಲ್ಲಿ ಮೀನಿನಲ್ಲಿರೋ ಜಾತಿಯ ಒಮೆಗಾ–3 ಸಿಗೋದು ಮಿಲಿಗ್ರಾಂ ಲೆಕ್ಕದಲ್ಲಿ, ಹತ್ತಾರು. ಬೂತಾಯಿಯಂಥ ಕೊಬ್ಬಿನ ಸಮುದ್ರ ಮೀನಿನಲ್ಲಿ ಅದು ಗ್ರಾಂ ಲೆಕ್ಕದಲ್ಲಿ. ಇನ್ನು ನಮ್ಮ ಅಗಸಿ, 10 ಗ್ರಾಂನಲ್ಲೇ 2 ಗ್ರಾಂ ಒಮೆಗಾ–3 ಕೊಡ್ತದ. ಅದು ಬೇರೆ ಜಾತಿಯದ್ದು, ಮೈಯೊಳಗೆ ಮೀನಿನ ಜಾತಿಗೆ ಬದಲಾಗೋದು ಕಮ್ಮಿ, ಆದ್ರೂ ರೊಟ್ಟಿ ಮೇಲಿನ ಒಂದು ಚಮಚ ಅಗಸಿ ಹಿಂಡಿಯನ್ನ ಹಗುರ ಮಾಡಬ್ಯಾಡ್ರಿ. ಒಟ್ಟಿನಲ್ಲಿ ಹುಲ್ಲಿನ ಲಾಭ ನಿಜ, ಆದ್ರ ಸಣ್ಣದು. ಕಬ್ಬಿಣ, ಬಿ12, ಸತುವಿನ ಲಾಭ ದೊಡ್ಡದು, ಅದು ಲೇಬಲ್ ಇಲ್ಲದ ಕುರಿಯಲ್ಲೂ ಸಿಗ್ತದ.

ಹಾಗಾದ್ರ 'ಆರ್ಗ್ಯಾನಿಕ್'? ಗುಡ್ಡದ ಕುರಿ ಅಂದ ಮಾತ್ರಕ್ಕೆ ಸಾವಯವ ಅಂತ ಅಲ್ಲ. ಪ್ಯಾಕೆಟ್ ಮೇಲೆ ಆ ಪದ ಬರಿಬೇಕಂದ್ರ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು, ಅದರ ಗುರುತು ನೋಡ್ರಿ. ನಮ್ಮ ಜಿಲ್ಲೆಯಲ್ಲಿ ಹತ್ತಿ, ನೆಲ್ಲು, ಮೆಣಸಿನಕಾಯಿಗೆ ಔಷಧ ಹೊಡಿಯೋದು ಕಮ್ಮಿ ಏನಿಲ್ಲ. ಅದೇ ಹೊಲ, ಅದೇ ಬದುವಿನಲ್ಲಿ ಕುರಿ ಮೇಯ್ತಾವ. ಹೊಡೆದ ಹೊಲಕ್ಕೆ ಕುರಿ ಬಿಟ್ರ ಮೊದಲು ಸಾಯೋದು ಕುರಿ, ಮುಳುಗೋದು ಕುರಿಗಾಹಿ. ಇನ್ನೊಂದು, ಜಂತಿನ ಔಷಧ ಅಥವಾ ಆಂಟಿಬಯಾಟಿಕ್ ಕೊಟ್ಟ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಬಾಟಲಿ ಮೇಲೇ ಬರೆದಿರ್ತದ. ಆ ದಿನ ಕಾಯೋದು ಯಾವ ಪ್ರಮಾಣಪತ್ರಕ್ಕಿಂತಲೂ ಮುಖ್ಯ. ಹಾಗಂತ ಲಸಿಕೆ ಬಿಡೋ ಹಾಗಿಲ್ಲ. ಪಿಪಿಆರ್, ಕರುಳುಬೇನೆ, ನೀಲಿ ನಾಲಿಗೆ ಬಂದ್ರ ಹಟ್ಟಿಗೆ ಹಟ್ಟಿನೇ ಖಾಲಿ.

ಈಗ ನನಗೆ ನಿಜವಾಗಿ ಚುಚ್ಚೋ ಮಾತಿಗೆ ಬರ್ತೀನಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5. ಶಾಲೆಯಲ್ಲಿ ಮೊಟ್ಟೆ ಕೊಡೋದನ್ನ ಸರಕಾರ 2021ರ ಡಿಸೆಂಬರ್‌ನಲ್ಲಿ ಮೊದಲು ಶುರು ಮಾಡಿದ್ದು ರಾಯಚೂರು ಸೇರಿ ನಮ್ಮ ಕಡೆಯ ಏಳು ಜಿಲ್ಲೆಗಳಲ್ಲೇ. ಕಾರಣ ಇದೇ, ಅಪೌಷ್ಟಿಕತೆ. ಕುರಿ ಸಾಕೋ ನಾಡಿನಲ್ಲೇ ರಕ್ತ ಇಲ್ಲ. ಯಾಕಂದ್ರ ಕುರಿಗಾಹಿಯ ಮನೆಗೆ ಕುರಿ ಅಂದ್ರ ಬ್ಯಾಂಕ್ ಠೇವಣಿ. ಮಗಳ ಮದುವೆಗೆ, ಆಸ್ಪತ್ರೆಗೆ ಮುರಿಯೋದು. ಖಂಡ ಬೇಯೋದು ಜಾತ್ರೆಗೋ ಹಬ್ಬಕ್ಕೋ. ಬೆಂದಾಗಲೂ ಮೊದಲ ತಾಟು ಗಂಡಸರಿಗೆ, ಬರೀ ಸಾರು ಹೆಣ್ಣುಮಕ್ಕಳಿಗೆ. ಕಬ್ಬಿಣ ಯಾರಿಗೆ ಜಾಸ್ತಿ ಬೇಕೋ ಅವರಿಗೇ ತುಂಡು ಕಮ್ಮಿ. ಗಂಡಸಿಗೆ ದಿನಕ್ಕೆ ಬೇಕಿರೋದು 19 ಮಿಲಿಗ್ರಾಂ, ಹೆಣ್ಣುಮಗಳಿಗೆ 29 ಅನ್ನೋದು ನೆನಪಿರಲಿ.

ಇನ್ನೊಂದು ಕಡೆ ಹುಲ್ಲುಗಾವಲೇ ಕರಗ್ತಾ ಅದ. ಕಾಲುವೆ ಬಂದು ರೈತನ ಹೊಟ್ಟೆ ತುಂಬ್ತು, ಒಳ್ಳೇದೇ. ಆದ್ರ ಗೋಮಾಳ, ಬೀಳು ಹೋದ ಮೇಲೆ ಕುರಿ ರಸ್ತೆ ಬದಿಗೆ ಬಂತು. ಮೇಯೋಕೆ ಜಾಗ ಇಲ್ಲದಿದ್ರ ಎಲ್ಲರೂ ಕೊಟ್ಟಿಗೆಯಲ್ಲಿ ಕಾಳು ಹಾಕಿ ಕೊಬ್ಬಿಸೋದಕ್ಕೇ ಹೋಗ್ತಾರ. ಆಗ 'ಹುಲ್ಲು ಮೇದದ್ದು' ಅನ್ನೋದು ದೊಡ್ಡ ಊರಿನ ಲೇಬಲ್ ಆಗಿ ಮಾತ್ರ ಉಳಿತದ.

ಹಾಗಾದ್ರ ನಾವೇನು ಮಾಡೋಣ? ರಾಯಚೂರಿನಲ್ಲೋ ಮಾನ್ವಿಯಲ್ಲೋ ಮಟನ್ ತಗೊಳ್ಳೋವಾಗ ಮೂರು ಪ್ರಶ್ನೆ ಕೇಳ್ರಿ: ಕುರಿ ಎಲ್ಲಿಂದ ಬಂತು, ಕೊನೆಯ ಎರಡು ತಿಂಗಳು ಏನು ತಿಂತು, ಔಷಧ ಯಾವಾಗ ಕೊಟ್ಟಿದ್ರು. ಉತ್ತರ ಕೊಡೋ ಅಂಗಡಿಗೆ ಮತ್ತೆ ಹೋಗ್ರಿ. ಮಳೆಗಾಲ ಮುಗಿಯೋ ಹೊತ್ತಿನ ಮೇದ ಕುರಿ ಸಿಕ್ಕರ ಬಿಡಬ್ಯಾಡ್ರಿ. ವಾರಕ್ಕೆ ಬೇಯಿಸಿದ ಲೆಕ್ಕದಲ್ಲಿ ಅರ್ಧ ಕಿಲೋ ದಾಟಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲೇ ಕೆಂಪು ಮಾಂಸವನ್ನ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿದೆ, ಹುಲ್ಲು ಮೇದದ್ದಕ್ಕೆ ಅದರಲ್ಲಿ ಬೇರೆ ರಿಯಾಯಿತಿ ಇಲ್ಲ. ಕೆಂಡದ ಮೇಲೆ ಕರ್ರಗೆ ಸುಡೋದಕ್ಕಿಂತ ಸಾರು ಮಾಡೋದು ವಾಸಿ. ರಕ್ತಹೀನತೆ ಇದ್ರ ಮಟನ್ ಒಂದೇ ಸಾಲದು, ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ ಗುಳಿಗೆ ತಗೊಳ್ರಿ.

ಕೊನೆಗೆ ಒಂದೇ ಕೆಲಸ ಹೇಳ್ತೀನಿ, ಇದಕ್ಕೆ ಪೈಸಾ ಖರ್ಚಿಲ್ಲ. ಮುಂದಿನ ಸಲ ಮನೆಯಲ್ಲಿ ಮಟನ್ ಆದಾಗ ಬಡಿಸೋ ಸರದಿ ಬದಲಾಯಿಸ್ರಿ. ಅವ್ವಗೆ, ಅಕ್ಕಗೆ, ತಂಗಿಗೆ ಮೊದಲ ತುಂಡು ಹಾಕ್ರಿ. ಯಾವ ಆರ್ಗ್ಯಾನಿಕ್ ಲೇಬಲ್ಲಿಗಿಂತಲೂ ಆ ಮನೆಯ ರಕ್ತಕ್ಕೆ ಅದು ಜಾಸ್ತಿ ಲಾಭ. ನಿಮ್ಮೂರಲ್ಲಿ ಕುರಿ ಎಲ್ಲಿ ಮೇಯ್ತಾವ, ಏನು ಮೇಯ್ತಾವ ಅನ್ನೋದನ್ನ ವಾಯ್ಸ್ ನೋಟ್ ಮಾಡಿ ಕಳಿಸ್ರಿ.